ಮುಂಬೈ ಸಾಕಿನಾಕಾದ ನಮ್ಮ ಸಣ್ಣ ಗಾಲಾದಲ್ಲಿ (ವರ್ಕ್‌ಶಾಪ್ ಕೋಣೆಯಲ್ಲಿ) ಥಿನ್ನರ್ ಬಳಸುತ್ತೇವೆ. ವಾಸನೆ ಕಮ್ಮಿ ಇದ್ದರೆ ಕೆಲಸದವರಿಗೆ ಅಪಾಯ ಇಲ್ಲ ಅಂದುಕೊಳ್ಳಬಹುದಾ?

ಇಲ್ಲ, ಮೂಗನ್ನು ನಂಬಬೇಡಿ. ಥಿನ್ನರ್ ವಾಸನೆಗೆ ಮೂಗು ಬೇಗ ಒಗ್ಗಿಹೋಗುತ್ತದೆ. ಚಹಾ ತರುವವನು ಬಾಗಿಲಲ್ಲೇ ಮೂಗು ಮುಚ್ಚಿಕೊಂಡರೂ ಒಳಗಿದ್ದವರಿಗೆ ಏನೂ ಅನ್ನಿಸುವುದಿಲ್ಲ, ಅಲ್ವಾ?

ಮೊದಲು ಒಂದು ಲೆಕ್ಕ ಹಾಕಿ. ಅನೇಕ ಥಿನ್ನರ್‌ಗಳಲ್ಲಿ ಟಾಲ್ವೀನ್ ಅನ್ನೋ ಬೇಗ ಆರುವ ದ್ರಾವಕ ಇರುತ್ತದೆ. ಥಿನ್ನರ್ ಮಾರುವವರ ಹತ್ತಿರ ಅದರ ಸುರಕ್ಷತಾ ಮಾಹಿತಿ ಹಾಳೆ ಕೇಳಿ ನೋಡಿ. 100 ಮಿಲಿ ಟಾಲ್ವೀನ್ ಆರಿದರೆ ಸುಮಾರು 87 ಗ್ರಾಂ ಆವಿ. ಗಾಲಾ 5 ಮೀಟರ್ ಅಗಲ, 6 ಮೀಟರ್ ಉದ್ದ, 4 ಮೀಟರ್ ಎತ್ತರ ಅಂದುಕೊಳ್ಳಿ. ಬಾಗಿಲು, ಕಿಟಕಿ ಮುಚ್ಚಿದ್ದರೆ ಒಂದು ಘನ ಮೀಟರ್ ಗಾಳಿಯಲ್ಲಿ 725 ಮಿಲಿಗ್ರಾಂ ಆಯಿತು. 2025ರ ನವೆಂಬರ್‌ವರೆಗೆ ಜಾರಿಯಲ್ಲಿದ್ದ 1948ರ ಕಾರ್ಖಾನೆ ಕಾಯ್ದೆಯ ಪಟ್ಟಿ ಹಾಕಿದ್ದ ಮಿತಿ, 8 ಗಂಟೆಯ ಸರಾಸರಿಗೆ, 375 ಮಿಲಿಗ್ರಾಂ. ನೀವು ದಿನಕ್ಕೆ ಎಷ್ಟು ಲೀಟರ್ ಖರ್ಚು ಮಾಡುತ್ತೀರಿ?

ಗಾಳಿ ಆಡುತ್ತಿದ್ದರೆ ಈ ಅಂಕಿ ಇಳಿಯುತ್ತದೆ, ನಿಜ. ಆದರೆ ಬಗ್ಗಿ ಒರೆಸುವವನ ಮುಖದ ಹತ್ತಿರ ಆವಿ ಜಾಸ್ತಿ, ಬಾಗಿಲ ಬಳಿ ಕೂತವನಿಗೆ ಕಮ್ಮಿ. ಅದಕ್ಕೇ ಕೋಣೆಯ ನಡುವೆ ಆವಿ ಅಳೆಯುವ ಮೀಟರ್ ಇಟ್ಟರೆ ಸಾಲದು. ಕೆಲಸದವನ ಸೊಂಟಕ್ಕೆ ಪುಟ್ಟ ಪಂಪ್, ಕಾಲರ್‌ಗೆ ಇದ್ದಿಲು ತುಂಬಿದ ಗಾಜಿನ ನಳಿಕೆ ಕಟ್ಟಿ, ಪಾಳಿ ಮುಗಿಯುವವರೆಗೆ ಅವನು ಉಸಿರಾಡುವ ಗಾಳಿಯನ್ನೇ ಹಿಡಿಯುತ್ತಾರೆ. ಇದ್ದಿಲು ಹೀರಿದ್ದನ್ನು ಪ್ರಯೋಗಾಲಯ ಅಳೆಯುತ್ತದೆ. ಆರ್ಡರ್ ಜಾಸ್ತಿ ಇರುವ ದಿನವೇ ಮಾಡಿಸಿ.

ಅಂದಹಾಗೆ, ಬಟ್ಟೆ ಮಾಸ್ಕ್ ಆವಿಯನ್ನು ತಡೆಯುವುದಿಲ್ಲ.