8,000 ಸಾವಯವ ಅಣುಗಳಿಗೆ ಸಿಸಿಎಸ್‌ಡಿ(ಟಿ) ಎಂಬ ಬಹಳ ನಿಖರ, ಆದರೆ ದುಬಾರಿ ಕ್ವಾಂಟಂ ವಿಧಾನದ ಶಕ್ತಿ ಬೇಕು, ಕಂಪ್ಯೂಟರ್ ಸಮಯ ಸಾವಿರಕ್ಕಷ್ಟೇ ಇದೆ. ಮಷೀನ್ ಲರ್ನಿಂಗ್‌ನಿಂದ ಉಳಿದದ್ದು ಸಿಗುತ್ತದೆಯೇ?

ಸಿಗುತ್ತದೆ. ಆದರೆ ಮಾಡೆಲ್‌ಗೆ ಇಡೀ ಶಕ್ತಿಯನ್ನು ಕಲಿಸಲು ಹೋಗಬೇಡಿ. ಡಿಎಫ್‌ಟಿಗೂ (ಅಗ್ಗದ, ಅಷ್ಟು ನಿಖರವಲ್ಲದ ಕ್ವಾಂಟಂ ವಿಧಾನ) ಸಿಸಿಎಸ್‌ಡಿ(ಟಿ)ಗೂ ಇರುವ ವ್ಯತ್ಯಾಸವನ್ನಷ್ಟೇ ಕಲಿಸಿ. ರಘುನಾಥನ್ ರಾಮಕೃಷ್ಣನ್ ಮತ್ತು ಸಂಗಡಿಗರು 2015ರಲ್ಲಿ ಡೆಲ್ಟಾ ಲರ್ನಿಂಗ್ ಎಂದು ಕರೆದದ್ದು ಇದನ್ನೇ. ಮೀಥೇನ್‌ನ ಒಟ್ಟು ಶಕ್ತಿ ಸುಮಾರು −40.5 ಹಾರ್ಟ್ರಿ (ಅಣು ಲೆಕ್ಕಗಳಲ್ಲಿ ಬಳಸುವ ಶಕ್ತಿಯ ಮಾನ), ಅಂದರೆ ಮೋಲ್‌ಗೆ −25,400 ಕಿಲೋಕ್ಯಾಲರಿ. ಅದರಲ್ಲಿ ನಿಮಗೆ 1 ಕಿಲೋಕ್ಯಾಲರಿಯ ನಿಖರತೆ ಬೇಕು. ಕೆಲಸದ ಬಹುಪಾಲನ್ನು ಡಿಎಫ್‌ಟಿ ಅಗ್ಗದಲ್ಲೇ ಮುಗಿಸಿಕೊಡುತ್ತದೆ. ಸಿಸಿಎಸ್‌ಡಿ(ಟಿ)ಯಲ್ಲಾದರೆ ಅಣುವಿನ ಗಾತ್ರ ಎರಡರಷ್ಟಾದರೆ ಸಮಯ 128 ಪಟ್ಟು: ಒಂದು ಗಂಟೆಯದು ಐದು ದಿನ ದಾಟುತ್ತದೆ.

ಮೊದಲು 8,000 ಅಣುಗಳ ರಚನೆಯನ್ನೂ ಒಂದೇ ವಿಧಾನದಲ್ಲಿ, ಉದಾಹರಣೆಗೆ ಬಿ3ಎಲ್‌ವೈಪಿ ಎಂಬ ಡಿಎಫ್‌ಟಿ ವಿಧಾನದಲ್ಲಿ, ಆಪ್ಟಿಮೈಸ್ ಮಾಡಿ (ಶಕ್ತಿ ಅತಿ ಕಡಿಮೆಯಾಗುವ ರಚನೆ ಹುಡುಕಿ). ಎರಡೂ ಶಕ್ತಿಗಳನ್ನು ಅದೇ ರಚನೆಯ ಮೇಲೆ ಲೆಕ್ಕ ಹಾಕಿ. ಅರ್ಧ ಅಣುಗಳಿಗೆ ಒಂದು ವಿಧಾನದ ರಚನೆ, ಇನ್ನರ್ಧಕ್ಕೆ ಇನ್ನೊಂದರದು ಅಂತಾದರೆ ಆ ಕಲಬೆರಕೆಯನ್ನೇ ಮಾಡೆಲ್ ಕಲಿಯುತ್ತದೆ.

ಸಾವಿರವನ್ನು ಆರಿಸುವಾಗ ಫೈಲಿನ ಮೊದಲ ಸಾವಿರ ಸಾಲು ಎತ್ತಿಕೊಳ್ಳಬೇಡಿ. ಪಟ್ಟಿಗಳು ಸಾಮಾನ್ಯವಾಗಿ ಚಿಕ್ಕದರಿಂದ ದೊಡ್ಡದಕ್ಕೆ ಹೋಗುತ್ತವೆ, ದೊಡ್ಡ ಅಣು ಮಾಡೆಲ್‌ನ ಕಣ್ಣಿಗೇ ಬೀಳುವುದಿಲ್ಲ. 200ನ್ನು ಚೀಟಿ ಎತ್ತಿದಂತೆ ಆರಿಸಿ ಟೆಸ್ಟ್‌ಗೆ ಎತ್ತಿಡಿ. ಉಳಿದ 800ನ್ನು ರಚನೆಯಲ್ಲಿ ಒಂದಕ್ಕೊಂದು ಆದಷ್ಟು ಭಿನ್ನವಾಗಿರುವಂತೆ ಟ್ರೇನಿಂಗ್‌ಗೆ ಆಯ್ದುಕೊಳ್ಳಿ. ಒಂದೇ ಅಣುವಿನ ಎರಡು ಕನ್ಫರ್ಮರ್‌ಗಳು (ಬಂಧಗಳು ತಿರುಗಿ ಬರುವ ಬೇರೆ ಆಕಾರಗಳು) ಟ್ರೇನಿಂಗ್‌ನಲ್ಲೊಂದು, ಟೆಸ್ಟ್‌ನಲ್ಲೊಂದು ಬಿದ್ದರೆ ಬರುವ ಚಂದದ ಅಂಕಿ ಸುಳ್ಳು.

ಹಲವರು ಎಡವುವುದು ಮುಂದಿನ ಹಂತದಲ್ಲಿ. ವ್ಯತ್ಯಾಸ ಅಂದರೆ ಚಿಕ್ಕದೇ ಅಂದುಕೊಳ್ಳುತ್ತಾರೆ, ಕಳೆದು ನೋಡಿದರೆ ಹಾರ್ಟ್ರಿಯ ದಶಮಾಂಶಗಳಲ್ಲೇ ಇರುತ್ತದೆ. ಅದರಲ್ಲಿ ಹೆಚ್ಚಿನದು ಪರಮಾಣು ಎಣಿಕೆಯ ಪಾಲು. ಕಾರ್ಬನ್, ಹೈಡ್ರೋಜನ್, ನೈಟ್ರೋಜನ್, ಆಕ್ಸಿಜನ್ ಎಷ್ಟೆಷ್ಟು ಅನ್ನುವುದರ ಮೇಲೆ ಸಾದಾ ಲೀನಿಯರ್ ಫಿಟ್ ಮಾಡಿ ಕಳೆಯಿರಿ. ಫಿಟ್ ಟ್ರೇನಿಂಗ್ ಅಣುಗಳ ಮೇಲೆ ಮಾತ್ರ. ಉಳಿದದ್ದನ್ನು ಸೋಪ್ ಡಿಸ್ಕ್ರಿಪ್ಟರ್ (ಪ್ರತಿ ಪರಮಾಣುವಿನ ಸುತ್ತಲಿನ ರಚನೆಯನ್ನು ಅಂಕಿಗಳಾಗಿಸುವ ವಿಧಾನ) ಮತ್ತು ಕರ್ನಲ್ ರಿಡ್ಜ್ ರಿಗ್ರೆಶನ್‌ಗೆ (ಅಣುಗಳ ಹೋಲಿಕೆಯಿಂದ ಊಹಿಸುವ ಮಾಡೆಲ್) ಕೊಡಿ. 800 × 800 ಮ್ಯಾಟ್ರಿಕ್ಸ್ ಲ್ಯಾಪ್‌ಟಾಪಿಗೆ ಲೆಕ್ಕಕ್ಕೇ ಇಲ್ಲ. ಇಷ್ಟು ಡೇಟಾಗೆ ಹೊಸದಾಗಿ ನ್ಯೂರಲ್ ನೆಟ್‌ವರ್ಕ್ ಕಟ್ಟುವುದು ನನ್ನ ದೃಷ್ಟಿಯಲ್ಲಿ ದಂಡ.

100, 200, 400, 800 ಅಣುಗಳಿಂದ ಕಲಿಸಿ, ಟೆಸ್ಟ್ ದೋಷವನ್ನು ಲಾಗ್-ಲಾಗ್ ಗ್ರಾಫ್‌ನಲ್ಲಿ ಗುರುತಿಸಿ. ಗೆರೆ ನೇರವಾಗಿ ಇಳಿಯಬೇಕು. ನಡುವೆ ಚಪ್ಪಟೆಯಾದರೆ ಅಣು ಹೆಚ್ಚಿಸುವ ಮೊದಲು ಡೇಟಾ ನೋಡಿ: ಕೆಲವು ಲೆಕ್ಕಗಳಲ್ಲಿ ಫ್ರೋಜನ್ ಕೋರ್ (ಒಳಗಿನ ಎಲೆಕ್ಟ್ರಾನ್‌ಗಳನ್ನು ಕೊರಿಲೇಶನ್ ಲೆಕ್ಕದಿಂದ ಬಿಡುವುದು) ಇದ್ದು ಕೆಲವುಗಳಲ್ಲಿ ಇಲ್ಲವೇ, ಬೇಸಿಸ್ ಸೆಟ್ (ಆರ್ಬಿಟಲ್‌ಗಳನ್ನು ಕಟ್ಟಲು ಬಳಸುವ ಗಣಿತದ ಫಂಕ್ಷನ್‌ಗಳು) ಬದಲಾಗಿದೆಯೇ, ಎಸ್‌ಸಿಎಫ್ (ಆರ್ಬಿಟಲ್‌ಗಳನ್ನು ಮತ್ತೆ ಮತ್ತೆ ತಿದ್ದಿ ಸ್ಥಿರಗೊಳಿಸುವ ಹಂತ) ತಪ್ಪು ಸ್ಥಿತಿಗೆ ಹೋಗಿ ಕೂತಿದೆಯೇ. ಟಿ1 ಡಯಾಗ್ನೋಸ್ಟಿಕ್ (ಸಿಸಿಎಸ್‌ಡಿ(ಟಿ)ಯನ್ನು ನಂಬಬಹುದೇ ಎಂದು ಸೂಚಿಸುವ ಅಂಕಿ) 0.02 ಮೀರಿದ ಅಣುಗಳನ್ನು ಬೇರೆ ಇಡಿ. ಅಲ್ಲಿ ಸಿಸಿಎಸ್‌ಡಿ(ಟಿ)ಯನ್ನೇ ಕಣ್ಣುಮುಚ್ಚಿ ನಂಬುವಂತಿಲ್ಲ.

ಕೈ ಪಳಗಿಸಿಕೊಳ್ಳಲು ಕ್ಯೂಎಂ9 ಎಂಬ ಸಣ್ಣ ಸಾವಯವ ಅಣುಗಳ ಡೇಟಾ ಸಂಗ್ರಹದ 6,095 ಸಿ7ಎಚ್10ಓ2 ಐಸೋಮರ್‌ಗಳು ಸಾಕು: ಬಿ3ಎಲ್‌ವೈಪಿ, ಜಿ4ಎಂಪಿ2 (ಅದಕ್ಕಿಂತ ನಿಖರ ವಿಧಾನ) ಎರಡೂ ಶಕ್ತಿಗಳಿವೆ. ಎಲ್ಲದಕ್ಕೂ ಒಂದೇ ಸೂತ್ರವಾದ್ದರಿಂದ ಪರಮಾಣು ಫಿಟ್‌ನ ತಂಟೆ ಅಲ್ಲಿಲ್ಲ.

ಕೊನೆಗೆ 800ರ ಬೇರೆ ಬೇರೆ ಭಾಗಗಳಿಂದ ಐದು ಮಾಡೆಲ್ ಕಲಿಸಿ. ಅವುಗಳ ಉತ್ತರ 1 ಕಿಲೋಕ್ಯಾಲರಿಗಿಂತ ಹೆಚ್ಚು ಚದುರಿದ ಅಣುಗಳಿಗೆ, ಇನ್ನಷ್ಟು ಕಂಪ್ಯೂಟರ್ ಸಮಯ ಸಿಕ್ಕರೆ, ನಿಜವಾದ ಸಿಸಿಎಸ್‌ಡಿ(ಟಿ) ಲೆಕ್ಕವನ್ನೇ ಹಾಕಿಸಿ, ಫಲಿತಾಂಶವನ್ನು ಟ್ರೇನಿಂಗ್‌ಗೆ ಸೇರಿಸಿ. ಐದೂ ಒಪ್ಪಿಕೊಂಡ ಮಾತ್ರಕ್ಕೆ ಉತ್ತರ ಸರಿ ಅಂತಲ್ಲ: ಟ್ರೇನಿಂಗ್‌ನಲ್ಲಿ ಗಂಧಕವೇ ಇಲ್ಲದಿದ್ದರೆ, ಗಂಧಕವಿರುವ ಅಣುವಿನಲ್ಲಿ ಐದೂ ಒಟ್ಟಿಗೇ ತಪ್ಪಬಹುದು.