ಫೋಟೋ ಇದ್ದರೆ ಸಾಲದೇ?

ಹೊಸನಗರ ಕಡೆಯಿಂದ ಸಸ್ಯಶಾಸ್ತ್ರದ ಉಪನ್ಯಾಸಕರೊಬ್ಬರು ಕೇಳಿದ್ದಾರೆ: “ಪಂಚಾಯಿತಿಯ ಜೀವವೈವಿಧ್ಯ ದಾಖಲಾತಿಗೆ ಗಿಡಗಳ ಫೋಟೋ, ಊರ ಹೆಸರು ಕೊಟ್ಟೆವು. ಒಣಗಿಸಿದ ಮಾದರಿಯೂ ಬೇಕಂತೆ. ಫೋಟೋ ಸಾಲದೇ? ಗಿಡ ಗುರುತಿಸುವವರನ್ನು ನಮ್ಮಲ್ಲೇ ತಯಾರು ಮಾಡುವುದು ಹೇಗೆ?”

ಸಂಪಾದಕರ ಉತ್ತರ:

ಸಾಲದು. 1919ರಲ್ಲಿ ಸಸ್ಯ ಸಂಗ್ರಾಹಕರಾದ ಸೆಡ್ಜ್‌ವಿಕ್ ಮತ್ತು ಬೆಲ್ ಜೋಗದಲ್ಲಿ ಒಂದು ಹುಲ್ಲು ಕಿತ್ತು ಒಣಗಿಸಿಟ್ಟರು. ದಶಕಗಳ ಮೇಲೆ ಹುಲ್ಲುಗಳ ತಜ್ಞ ಬೋರ್ ಅದನ್ನು ಹೊಸ ಕುಲವೆಂದು (ಜೀನಸ್) ಕಂಡು ಹಬ್ಬಾರ್ಡಿಯಾ ಎಂದು ಹೆಸರಿಟ್ಟರು. ಅಳಿದೇ ಹೋಯಿತೆಂದುಕೊಂಡಿದ್ದ ಆ ಹುಲ್ಲು ಮುಂದೆ ಮಹಾರಾಷ್ಟ್ರದ ತಿಲ್ಲಾರಿಯಲ್ಲಿ ಸಿಕ್ಕಿತು. ಒಣಗಿಡ ಅಂಟಿಸಿದ ಆ ಹಳೆ ಹಾಳೆ ಇಲ್ಲದಿದ್ದರೆ ಅದನ್ನು ಯಾವುದಕ್ಕೆ ಹೋಲಿಸುವುದು? ಉಪ್ಪಾಗೆ, ಮುರುಗಲಿನಲ್ಲಿ ಗಂಡು ಮರ ಬೇರೆ, ಹೆಣ್ಣು ಮರ ಬೇರೆ. ಹೂವಿಲ್ಲದ ಬರೀ ಎಲೆಯ ಫೋಟೋ ನೋಡಿ ತಜ್ಞರೂ ಕೈಚೆಲ್ಲುತ್ತಾರೆ.

ಹೂವೋ ಕಾಯೋ ಇರುವ ಟೊಂಗೆ ಆರಿಸಿ, ಎರಡು ಎಲೆಯನ್ನಾದರೂ ಮಗುಚಿಟ್ಟು ಪತ್ರಿಕೆಯ ಮಡಿಕೆಯಲ್ಲಿ ಒತ್ತಿ. ಮಳೆಗಾಲದಲ್ಲಿ ಮೊದಲ ಮೂರು ದಿನ ಎರಡು ಹೊತ್ತೂ ಕಾಗದ ಬದಲಿಸಬೇಕು, ಆಮೇಲೆ ದಿನಕ್ಕೊಮ್ಮೆ. ತಡವಾದರೆ ಬೂಷ್ಟು ಹಿಡಿಯುತ್ತದೆ, ಎಲೆ ಗೆಣ್ಣಿನಲ್ಲೇ ಕಳಚುತ್ತದೆ. ಬದಲಿಸಲಾಗದಿದ್ದರೆ ಕಟ್ಟನ್ನು ದಪ್ಪ ಪ್ಲಾಸ್ಟಿಕ್ ಚೀಲದಲ್ಲಿಟ್ಟು ಸ್ಪಿರಿಟ್ ಸುರಿದು ನೆನೆಸಿ ಬಾಯಿ ಬಿಗಿಯಿರಿ. ಊರಿಗೆ ಬಂದು ಒಣಗಿಸಿದರಾಯಿತು. ಅಡಿಕೆ ಡ್ರೈಯರ್ ಬಳಸುವುದಾದರೆ 45 ಡಿಗ್ರಿ ದಾಟಿಸಬೇಡಿ. ಕಾಡು ಗೌರಿಹೂವಿನದು (ಇಂಪೇಷಿಯನ್ಸ್) ದೊಡ್ಡ ರಗಳೆ: ಒಣಗಿದರೆ ಎಸಳು ಮುದ್ದೆಯಾಗಿ ಏನೂ ತಿಳಿಯದು. ಒಂದು ಹೂವಿನ ಎಸಳು ಬಿಡಿಸಿ ತೆಳುಕಾಗದದ ನಡುವೆ ಹರಡಿ, ಇನ್ನೆರಡನ್ನು 70% ಸ್ಪಿರಿಟ್‌ನಲ್ಲಿಡಿ.

ಸೊನೆಯ ಬಣ್ಣ, ಹೂವಿನ ಬಣ್ಣ, ವಾಸನೆ, ಮರದ ಎತ್ತರ ಇವೆಲ್ಲ ಒಣಗಿದ ಮೇಲೆ ಸಿಗುವುದಿಲ್ಲ. ಸ್ಥಳದಲ್ಲೇ ಪೆನ್ಸಿಲ್‌ನಲ್ಲಿ ಬರೆಯಿರಿ. ಪೆನ್ನಿನ ಶಾಯಿ ಮಳೆಗೆ ಕದಡುತ್ತದೆ. ಸಂಗ್ರಹಿಸುವವರು ಪ್ರತಿ ಮಾದರಿಗೆ ಕೊಡುವ ಸಂಖ್ಯೆ ಜೀವಮಾನಕ್ಕೆಲ್ಲ ಒಂದೇ ಸರಣಿ, ವರ್ಷ ಬದಲಾದರೂ ಒಂದರಿಂದ ಶುರು ಮಾಡಬಾರದು. ಹುಳಕ್ಕೆ ಹೆದರಿ ಮರ್ಕ್ಯುರಿಕ್ ಕ್ಲೋರೈಡ್ ಹಚ್ಚುವ ಹಳೆ ರೂಢಿ ಬಿಡಿ, ಅದು ವಿಷ. ಚೀಲದಲ್ಲಿ ಕಟ್ಟಿ ಮೈನಸ್ 20 ಡಿಗ್ರಿಯ ಡೀಪ್ ಫ್ರೀಜರಿನಲ್ಲಿ ಒಂದು ವಾರ ಇಟ್ಟರೆ ಸಾಕು. ಹೊರತೆಗೆದ ಕೂಡಲೇ ಬಿಚ್ಚಿದರೆ ತೇವ ಕೂರುತ್ತದೆ.

ಅರಣ್ಯ ಇಲಾಖೆಯ ಅನುಮತಿ ಮೊದಲು. ಇಪ್ಪತ್ತಕ್ಕಿಂತ ಕಡಿಮೆ ಗಿಡ ಕಂಡರೆ ಬುಡಸಹಿತ ಕೀಳಬೇಡಿ.

ಇನ್ನು ಜನರ ತಯಾರಿ. ಮೂರು ದಿನದ ಕಮ್ಮಟದಿಂದ ತಜ್ಞರು ಹುಟ್ಟುವುದಿಲ್ಲ. ಇಬ್ಬರು ವಿದ್ಯಾರ್ಥಿಗಳಿಗೆ ಒಂದೊಂದೇ ಕುಟುಂಬ ವಹಿಸಿ, ಒಬ್ಬರಿಗೆ ಹುಲ್ಲು, ಇನ್ನೊಬ್ಬರಿಗೆ ಗೌರಿಹೂ. ಎರಡು ಮಳೆಗಾಲವಾದರೂ ಅದನ್ನೇ ನೋಡಲಿ. ಪ್ರತಿ ಸಂಖ್ಯೆಗೆ ಮೂರು ಹಾಳೆ ಮಾಡಿಸಿ: ಒಂದು ಕಾಲೇಜಿಗೆ, ಉಳಿದವನ್ನು ಮೊದಲೇ ಪತ್ರ ಬರೆದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಒಣಸಸ್ಯ ಸಂಗ್ರಹಕ್ಕೂ ಕೊಯಮತ್ತೂರಿನ ಸಸ್ಯ ಸರ್ವೇಕ್ಷಣಾಲಯಕ್ಕೂ ಕಳಿಸಿ. ಅಲ್ಲಿಂದ ಹೆಸರು ತಿದ್ದಿ ಬಂದರೆ ಹಳೆ ಚೀಟಿ ಕೀಳಬೇಡಿ, ಪಕ್ಕದಲ್ಲೇ ಹೊಸದನ್ನು ಅಂಟಿಸಿ.