ಓದುಗರ ಪ್ರಶ್ನೆ, ನಮ್ಮ ಉತ್ತರ: ರಟ್ಟಿನ ಡಿಎನ್‌ಎ, ರೇಷ್ಮೆಯ ಎಳೆ

ಪ್ರಶ್ನೆ: ನಾನು ಶಿಡ್ಲಘಟ್ಟ ತಾಲ್ಲೂಕಿನ ಪದವಿಪೂರ್ವ ಕಾಲೇಜೊಂದರಲ್ಲಿ ಜೀವಶಾಸ್ತ್ರ ಬೋಧಿಸುತ್ತಿದ್ದೇನೆ. ಅಣುಜೀವಶಾಸ್ತ್ರದ ಪಾಠವನ್ನು ಮಕ್ಕಳು ಬಾಯಿಪಾಠ ಮಾಡಿ ಅಂಕ ಪಡೆಯುತ್ತಾರೆ. ಅರ್ಥವಾಗಿದೆ ಎಂದು ನನಗೆ ಅನ್ನಿಸುವುದಿಲ್ಲ. ಪ್ರತಿವರ್ಷ ಮಾಡಿಸುವ ಥರ್ಮಾಕೋಲ್ ಡಿಎನ್‌ಎ ಮಾದರಿ ವಸ್ತುಪ್ರದರ್ಶನ ಮುಗಿದ ಮೇಲೆ ಬೀರುವಿನ ಮೇಲೆ ಧೂಳು ಹಿಡಿಯುತ್ತದೆ. ಡಿಎನ್‌ಎ ತುಂಡುಗಳನ್ನು ವಿದ್ಯುತ್ತಿನಿಂದ ಜೆಲ್ಲಿನಲ್ಲಿ ಸರಿಸಿ ಗಾತ್ರದಂತೆ ಬೇರ್ಪಡಿಸುವ ಎಲೆಕ್ಟ್ರೊಫೊರೆಸಿಸ್ ಉಪಕರಣ ನಮ್ಮಲ್ಲಿಲ್ಲ. ಕಂಪ್ಯೂಟರ್ ಪರದೆಯಲ್ಲಿ ಪ್ರಯೋಗ ಮಾಡಿಸುವ ವರ್ಚುವಲ್ ಲ್ಯಾಬ್ ತೋರಿಸಿದರೆ ಸಾಕಾಗುವುದೇ?
— ಉಪನ್ಯಾಸಕಿ, ಶಿಡ್ಲಘಟ್ಟ ತಾಲ್ಲೂಕು

ಉತ್ತರ: ಮೇಡಂ, ಬೀರುವಿನ ಮೇಲಿರುವ ಆ ಮಾದರಿಯಲ್ಲಿ ಎಲ್ಲವೂ ಮೊದಲೇ ಸರಿಯಾಗಿ ಅಂಟಿಕೊಂಡಿರುತ್ತದೆ, ಮಕ್ಕಳಿಗೆ ತಪ್ಪು ಮಾಡಲು ಅಲ್ಲಿ ಜಾಗವೇ ಇಲ್ಲ. ಕೈಯಲ್ಲಿ ತಪ್ಪಾಗಿ, ಅದನ್ನು ತಾವೇ ಕಂಡು ತಿದ್ದಿಕೊಳ್ಳುವಂತಹ ಮಾದರಿಯೇ ಕಲಿಸುತ್ತದೆ ಎಂಬುದು ನನ್ನ ದೃಢವಾದ ಅಭಿಪ್ರಾಯ. 1953ರ ಫೆಬ್ರುವರಿಯಲ್ಲಿ ಡಿಎನ್‌ಎಯ ರಚನೆಯನ್ನು ಹುಡುಕುತ್ತಿದ್ದ ಕೇಂಬ್ರಿಡ್ಜ್‌ನ ಜೇಮ್ಸ್ ವಾಟ್ಸನ್ ಲೋಹದ ತುಂಡುಗಳು ಕಾರ್ಯಾಗಾರದಿಂದ ಬರುವವರೆಗೆ ಕಾಯದೆ ರಟ್ಟಿನಲ್ಲೇ, ಡಿಎನ್‌ಎ ಏಣಿಯ ಮೆಟ್ಟಿಲುಗಳಾಗುವ ನಾಲ್ಕು ಬೇಸ್‌ಗಳನ್ನು ಕತ್ತರಿಸಿಕೊಂಡರು. ಹೈಡ್ರೋಜನ್ ಪರಮಾಣುಗಳ ಸ್ಥಾನ ತಪ್ಪಾಗಿದೆ ಎಂದು ರಸಾಯನವಿಜ್ಞಾನಿ ಜೆರ್ರಿ ಡೊನೊಹ್ಯೂ ತಿಳಿಸಿದ್ದರು. ಅದರಂತೆ ತಿದ್ದಿದ ತುಂಡುಗಳನ್ನು ಮೇಜಿನ ಮೇಲೆ ಸರಿಸಿ ನೋಡುವಾಗ ಅಡೆನಿನ್–ಥೈಮಿನ್ ಜೋಡಿಯೂ ಗ್ವಾನಿನ್–ಸೈಟೊಸಿನ್ ಜೋಡಿಯೂ ಒಂದೇ ಆಕಾರಕ್ಕೆ ಬರುವುದು ಕಂಡಿತು. ರೊಸಾಲಿಂಡ್ ಫ್ರಾಂಕ್ಲಿನ್ ಅವರ ಎಕ್ಸ್-ಕಿರಣ ಅಳತೆಗಳಿಗೂ ಅಡೆನಿನ್ ಥೈಮಿನ್‌ನಷ್ಟೇ, ಗ್ವಾನಿನ್ ಸೈಟೊಸಿನ್‌ನಷ್ಟೇ ಇರುತ್ತದೆ ಎಂದು ಚಾರ್ಗಾಫ್ ಕಂಡುಕೊಂಡಿದ್ದ ಸಮಪ್ರಮಾಣಕ್ಕೂ ಆ ಜೋಡಣೆ ಹೊಂದಿಕೆಯಾಯಿತು.

ತಮ್ಮ ತರಗತಿಯಲ್ಲೂ ರಟ್ಟು ಸಾಕು. ಅಡೆನಿನ್, ಗ್ವಾನಿನ್‌ಗಳನ್ನು ಉದ್ದವಾಗಿಯೂ ಥೈಮಿನ್, ಸೈಟೊಸಿನ್‌ಗಳನ್ನು ಗಿಡ್ಡವಾಗಿಯೂ ಕತ್ತರಿಸಿ, ಅಂಚಿನಲ್ಲಿ ಅಡೆನಿನ್, ಥೈಮಿನ್‌ಗೆ ಎರಡು, ಗ್ವಾನಿನ್, ಸೈಟೊಸಿನ್‌ಗೆ ಮೂರು ಕಚ್ಚುಗಳನ್ನು ಮಾಡಿ, ಯಾವುದು ಯಾವುದಕ್ಕೆ ಸೇರಬೇಕೆಂದು ಹೇಳದೆ ಮಕ್ಕಳ ಕೈಗೆ ಕೊಡಿ. ಎರಡು ಉದ್ದದ ತುಂಡುಗಳನ್ನು ಸೇರಿಸಿದಲ್ಲಿ ಏಣಿ ಉಬ್ಬುತ್ತದೆ, ಎರಡು ಗಿಡ್ಡವಾದರೆ ಒಳಕ್ಕೆ ಜಗ್ಗುತ್ತದೆ. ನಿಜವಾದ ಡಿಎನ್‌ಎಯ ಅಗಲ ಎಲ್ಲೆಡೆಯೂ ಸುಮಾರು 2 ನ್ಯಾನೊಮೀಟರ್ ಎಂಬ ಮಾತನ್ನು ಆಗ ಹೇಳಿದರೆ ಅದು ಅವರಿಗೆ ತಮ್ಮ ಸಮಸ್ಯೆಗೆ ಸಿಕ್ಕ ಉತ್ತರವಾಗಿ ಕೇಳಿಸುತ್ತದೆ. ಎರಡು ಎಳೆಗಳ ಮೇಲೂ ಬಾಣದ ಗುರುತು ಹಾಕಿಸುವುದನ್ನು ಮರೆಯಬೇಡಿ. ಬಾಣಗಳು ಎದುರುಬದುರು ದಿಕ್ಕಿಗಿರಬೇಕು. ಪ್ರದರ್ಶನದ ಮಾದರಿಗಳಲ್ಲಿ ಹೆಚ್ಚಾಗಿ ತಪ್ಪುವುದು ಇಲ್ಲಿ ಮತ್ತು ಸುರುಳಿಯ ಬಲಮುರಿಯಲ್ಲಿ. ಮೆಟ್ಟಿಲುಗಳ ನಡುವೆ 3.4 ಸೆಂಟಿಮೀಟರ್, ಅಗಲಕ್ಕೆ 20 ಸೆಂಟಿಮೀಟರ್ ಇಟ್ಟರೆ ಮಾದರಿ ಮೂಲದ ಹತ್ತು ಕೋಟಿ ಪಟ್ಟು ದೊಡ್ಡದಾಗುತ್ತದೆ. ಆ ಅಳತೆಯಲ್ಲಿ ಮನುಷ್ಯನ ಒಂದು ಜೀವಕೋಶದ ಸುಮಾರು 2 ಮೀಟರ್ ಡಿಎನ್‌ಎ 2 ಲಕ್ಷ ಕಿಲೋಮೀಟರ್ ಆಗುತ್ತದೆ. ಈ ಲೆಕ್ಕವನ್ನು ಮಕ್ಕಳಿಂದಲೇ ಮಾಡಿಸಿ.

ಇನ್ನು ತಾವಿರುವುದು ರೇಷ್ಮೆ ಗೂಡಿನ ಮಾರುಕಟ್ಟೆಯ ಊರಿನಲ್ಲಿ. ಜೀನ್‌ನಿಂದ ಪ್ರೋಟೀನ್‌ವರೆಗಿನ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಸಾಮಗ್ರಿ ನನಗೆ ತೋಚುತ್ತಿಲ್ಲ. ರೇಷ್ಮೆಯ ಫೈಬ್ರಾಯಿನ್ ಪ್ರೋಟೀನಿನ ಬಹುಭಾಗದಲ್ಲಿ ಗ್ಲೈಸಿನ್, ಸೆರಿನ್, ಗ್ಲೈಸಿನ್, ಅಲನಿನ್, ಗ್ಲೈಸಿನ್, ಅಲನಿನ್ ಎಂಬ ಅಮೈನೊ ಆಮ್ಲಗಳ ಸರಣಿ ಮತ್ತೆ ಮತ್ತೆ ಬರುತ್ತದೆ. ಮೂರು ಬಣ್ಣದ ಮಣಿಗಳಿಂದ ಆ ಸರವನ್ನು ಪೋಣಿಸಲಿ, ಕೋಡಾನ್ ಪಟ್ಟಿ (ಯಾವ ಮೂರಕ್ಷರ ಯಾವ ಅಮೈನೊ ಆಮ್ಲಕ್ಕೆ ಎಂಬ ಪಟ್ಟಿ) ನೋಡಿ ಅದರ ಆರ್‌ಎನ್‌ಎ ಸಂದೇಶವನ್ನು ಚೀಟಿಯಲ್ಲಿ ಬರೆಯಲಿ. ಬಳಿಕ ತಾವು ಒಂದು ಅಕ್ಷರ ತಿದ್ದಿ. ಜಿಜಿಯು ಎಂಬುದು ಜಿಜಿಸಿ ಆದರೆ ಮಣಿ ಬದಲಾಗದು, ಅದೂ ಗ್ಲೈಸಿನ್ನೇ. ಜಿಎಯು ಆದರೆ ಆಸ್ಪಾರ್ಟಿಕ್ ಆಮ್ಲದ ದಪ್ಪ ಮಣಿ ಬಂದು ಕೂರುತ್ತದೆ. ಗ್ಲೈಸಿನ್ ಎಲ್ಲಕ್ಕಿಂತ ಚಿಕ್ಕ ಅಮೈನೊ ಆಮ್ಲವಾದ್ದರಿಂದಲೇ ಸರಗಳು ಒತ್ತೊತ್ತಾಗಿ ಹಾಳೆಯಂತೆ ಜೋಡಣೆಗೊಂಡು ನೂಲಿಗೆ ಗಟ್ಟಿತನ ಬರುತ್ತದೆ ಎಂಬುದನ್ನು, ಮನೆಯಲ್ಲಿ ನೂಲು ಬಿಚ್ಚುವುದನ್ನು ಕಂಡ ಮಗು ಮರೆಯಲಾರದು. ಫೈಬ್ರಾಯಿನ್ನಿನ ಸಂದೇಶವಾಹಕ ಆರ್‌ಎನ್‌ಎಯನ್ನು ಸುಜುಕಿ ಮತ್ತು ಬ್ರೌನ್ 1972ರಲ್ಲಿ ರೇಷ್ಮೆ ಹುಳುವಿನಿಂದಲೇ ಬೇರ್ಪಡಿಸಿ ಗುರುತಿಸಿದರು.

ವರ್ಚುವಲ್ ಲ್ಯಾಬ್ ಬರಬೇಕಾದುದು ಇದೆಲ್ಲ ಆದ ಮೇಲೆ. ಕೇಂದ್ರ ಶಿಕ್ಷಣ ಸಚಿವಾಲಯದ ವರ್ಚುವಲ್ ಲ್ಯಾಬ್ಸ್ ಉಚಿತವಾಗಿ ಸಿಗುತ್ತದೆ. ಕೊಲೊರಾಡೊ ವಿಶ್ವವಿದ್ಯಾಲಯದ ಫೆಟ್ ತಂಡದ ಜೀನ್ ಅಭಿವ್ಯಕ್ತಿಯ ಸಿಮ್ಯುಲೇಶನ್ನನ್ನು ಒಮ್ಮೆ ಇಳಿಸಿಕೊಂಡರೆ ಇಂಟರ್‌ನೆಟ್ ಇಲ್ಲದೆಯೂ ನಡೆಸಬಹುದು. ಎಲೆಕ್ಟ್ರೊಫೊರೆಸಿಸ್ ತೋರಿಸುವಾಗ ಗುಂಡಿ ಒತ್ತುವ ಮೊದಲು, ಡಿಎನ್‌ಎಗೆ ಋಣ ವಿದ್ಯುದಂಶವಿದ್ದರೆ ಅದು ಯಾವ ಕಡೆಗೆ ಸರಿಯುತ್ತದೆ, ಚಿಕ್ಕ ತುಂಡು ಮುಂದೆ ಹೋಗುತ್ತದೆಯೋ ದೊಡ್ಡದೋ ಎಂದು ಪ್ರತಿಯೊಬ್ಬರೂ ನೋಟ್‌ಬುಕ್ಕಿನಲ್ಲಿ ಚಿತ್ರ ಬರೆದಿರಲಿ. ಹಾಗೆ ಮಾಡದಿದ್ದರೆ ಅದು ಇನ್ನೊಂದು ವಿಡಿಯೊ ಆಗಿ ಕಳೆದುಹೋಗುತ್ತದೆ. ಪಿಪೆಟ್ ಹಿಡಿದ ಕೈ ನಡುಗಿ ಜೆಲ್ಲಿನ ಕುಳಿ ಹರಿಯುವ ಅನುಭವವನ್ನು ಪರದೆ ಕೊಡಲಾರದು. ವರ್ಷಕ್ಕೊಮ್ಮೆಯಾದರೂ ಮಕ್ಕಳನ್ನು ಉಪಕರಣವಿರುವ ಪದವಿ ಕಾಲೇಜಿಗೆ ಕರೆದೊಯ್ಯುವಂತಾದರೆ ಒಳ್ಳೆಯದು.

ಪ್ರಶ್ನೆ: ಮನೆಯಲ್ಲಿ ಟೊಮೆಟೊದಿಂದ ಡಿಎನ್‌ಎ ತೆಗೆಯಬಹುದೇ?
— ವಿದ್ಯಾರ್ಥಿ, ಕೋಲಾರ

ಉತ್ತರ: ತೆಗೆಯಬಹುದು. ಹಣ್ಣನ್ನು ಹಿಸುಕಿ, ಚಿಟಿಕೆ ಉಪ್ಪು ಮತ್ತು ಪಾತ್ರೆ ತೊಳೆಯುವ ದ್ರವ ಬೆರೆಸಿದ ನೀರಿಗೆ ಹಾಕಿ ಹತ್ತು ನಿಮಿಷ ಬಿಡು. ಸೋಪು ಕೋಶದ ಪೊರೆಯನ್ನು ಒಡೆಯುತ್ತದೆ. ಬಟ್ಟೆಯಲ್ಲಿ ಸೋಸಿ, ಫ್ರಿಜ್ಜಿನಲ್ಲಿ ತಣ್ಣಗಾಗಿಸಿದ ಸರ್ಜಿಕಲ್ ಸ್ಪಿರಿಟ್ಟನ್ನು ಲೋಟದ ಅಂಚಿನಿಂದ ನಿಧಾನವಾಗಿ ಇಳಿಬಿಟ್ಟರೆ, ಎರಡು ದ್ರವಗಳು ಸೇರುವಲ್ಲಿ ಬಿಳಿಯ ಲೋಳೆಯಂತಹ ತಂತುಗಳು ಏಳುತ್ತವೆ. ಅದು ಅಸಂಖ್ಯಾತ ಡಿಎನ್‌ಎ ಎಳೆಗಳ ಗೋಜಲು, ಜೊತೆಗೆ ಒಂದಿಷ್ಟು ಪ್ರೋಟೀನು, ಪೆಕ್ಟಿನ್ ಕೂಡ ಸೇರಿರುತ್ತದೆ. ಸ್ಪಿರಿಟ್ ಬೇಗ ಹೊತ್ತಿಕೊಳ್ಳುವ ವಸ್ತು. ದೊಡ್ಡವರನ್ನು ಜೊತೆಗಿಟ್ಟುಕೊಂಡು, ಒಲೆಯಿಂದ ದೂರ ಕುಳಿತು ಮಾಡು.